ಪೆಟ್ಟಿಗೆ ಕೊಳ್ಳುವ ಮುಂಚೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಈಗ ಬೆಂಗಳೂರು, ಪುಣೆ, ಅಮೆರಿಕ ಅಂತ ಚೆದುರಿದ್ದೀರಿ. ಊರಿಗೆ ಬರುವಾಗ ಪೆಟ್ಟಿಗೆ ಹಗುರ, ಹೊರಡುವಾಗ ಕಾಯಿ, ರಾಗಿಹಿಟ್ಟು, ಉಪ್ಪಿನಕಾಯಿ ಸೇರಿ ಮಣಭಾರ. ಆ ಭಾರ ತಾಳುವಂಥದ್ದನ್ನು ಕೊಳ್ಳಿ. ಚಕ್ರ, ಜಿಪ್ಪು, ಹಿಡಿ ಈ ಮೂರು ಗಟ್ಟಿಯಿದ್ದರೆ ಬಣ್ಣ ಯಾವುದಾದರೇನು?

• ಚಕ್ರ ಮೊದಲು ನೋಡಿ. ನಾಲ್ಕು ಚಕ್ರದ ಪೆಟ್ಟಿಗೆ ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಚೆನ್ನ. ಬಸ್ಸಿಳಿದು ತೋಟದ ದಾರಿ ಹಿಡಿಯುವವರಿಗೆ ಎರಡು ಚಕ್ರದ್ದೇ ಸರಿ. ಅದರ ಚಕ್ರ ಅರ್ಧ ಪೆಟ್ಟಿಗೆಯೊಳಗೇ ಹುದುಗಿರುತ್ತೆ, ಕಲ್ಲಿಗೆ ತಾಗಿ ಮುರಿಯುವುದು ಕಡಿಮೆ. ಸ್ಕ್ರೂ ಹಾಕಿ ಕೂರಿಸಿದ್ದಾರೋ, ರಿವೆಟ್ ಹೊಡೆದಿದ್ದಾರೋ ಬಗ್ಗಿ ನೋಡಿ. ಸ್ಕ್ರೂ ಇದ್ದರೆ ಮುಂದೆ ಚಕ್ರವೊಂದನ್ನೇ ಬದಲಿಸಬಹುದು. ನಮ್ಮ ಅಂಗಳಗಳಲ್ಲಿ ಇನ್ನೊಂದು ಕಾಟವಿದೆ. ಕಾಯಿ ಸುಲಿದ ಜಾಗದಲ್ಲಿ ಎಳೆದರೆ ನಾರು ಹೋಗಿ ಅಚ್ಚಿಗೆ ಸುತ್ತಿಕೊಳ್ಳುತ್ತೆ. ಮೊದಲು ಕಿರ್ ಅನ್ನುತ್ತೆ, ಆಮೇಲೆ ಚಕ್ರ ತಿರುಗದೆ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತೆ. ಊರಿಂದ ಹೋದ ರಾತ್ರಿಯೇ ಪಿನ್ನು ಹಾಕಿ ನಾರು ಬಿಡಿಸಿ.

• ಅಂಗಡಿಯಲ್ಲಿ ಖಾಲಿ ಪೆಟ್ಟಿಗೆ ಉರುಳಿಸಿ ಖುಷಿಪಡಬೇಡಿ. ಒಳಗೆ ಭಾರ ತುಂಬಿಸಿ, ಹಿಡಿ ಪೂರ್ತಿ ಎಳೆದು, ಮೆಟ್ಟಿಲು ಹತ್ತಿಸಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಪಕ್ಕದ ಹಿಡಿಯನ್ನೂ ಜಗ್ಗಿ. ತಿಪಟೂರಲ್ಲೋ ಬಾಣಸಂದ್ರದಲ್ಲೋ ರೈಲು ಹತ್ತುವ ಅವಸರದಲ್ಲಿ ಕೈ ಹಾಕುವುದು ಅದಕ್ಕೇ.

• ಗಟ್ಟಿ ಪೆಟ್ಟಿಗೆಯಾದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಕಾರ್ಬೊನೇಟ್. ಹೆಬ್ಬೆರಳಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು. ಅಗ್ಗದ ಎಬಿಎಸ್ ಮೂಲೆಯಲ್ಲಿ ಬೇಗ ಸೀಳುತ್ತೆ. ಬಸ್ಸಲ್ಲೇ ಹೆಚ್ಚು ಓಡಾಡುವವರಿಗೆ ದಪ್ಪ ನೈಲಾನ್ ಬಟ್ಟೆಯದ್ದು ವಾಸಿ: ಸೀಟಿನ ಕೆಳಗೆ ತುರುಕಬಹುದು, ಹರಿದರೆ ಚಮ್ಮಾರರು ಹೊಲಿದುಕೊಡುತ್ತಾರೆ.

• ಜಿಪ್ಪು ದಪ್ಪ ಹಲ್ಲಿನದಿರಲಿ. ಮೂಲೆ ತಿರುಗುವಲ್ಲಿ ತಡೆದರೆ ಬೇಡ.

• ವಿಮಾನಕ್ಕೆ ಕೊಬ್ಬರಿ ಕಟ್ಟಲೇಬೇಡಿ. ಈ ಮಾತು ಅಪ್ಪ ಅಮ್ಮಂದಿರಿಗೂ. ಅಟ್ಟದ ಮೇಲೆ ವರ್ಷದ ಹತ್ತಿರ ಕೂತು, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಅನ್ನುವ ಉಂಡೆ ಕೊಬ್ಬರಿ ನಮಗೆ ಮಕ್ಕಳಿಗೆ ಕೊಡುವ ಮೊದಲ ಪ್ರಸಾದ. ಆದರೆ ಅದರಲ್ಲಿರುವ ಎಣ್ಣೆಯಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಶ್ವಸಂಸ್ಥೆಯ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಕೊಬ್ಬರಿಗೆ 1363ನೇ ನಂಬರು ಕೊಟ್ಟಿದ್ದಾರೆ. ಕೈಚೀಲದಲ್ಲೂ ಬಿಡಲ್ಲ, ಒಳಗೆ ಕಳಿಸುವ ಪೆಟ್ಟಿಗೆಯಲ್ಲೂ ಬಿಡಲ್ಲ. ತೆಗೆದಿಡಿ ಅನ್ನುವಾಗ ಕ್ಯೂನಲ್ಲಿ ನಿಂತ ಮಗುವಿನ ಮುಖ ನೆನೆಸಿಕೊಳ್ಳಿ. ಚಕ್ಕುಲಿ, ಹುರಿಹಿಟ್ಟು ಕಳಿಸಿ.

• ರೈಲು, ಬಸ್ಸಿಗೆ ಒಯ್ಯುವ ಕಾಯಿ ಕೊಬ್ಬರಿಗೆ ಗೋಣಿಚೀಲವೇ ಇರಲಿ. ಕೊಬ್ಬರಿ ಎಣ್ಣೆ ಪೆಟ್ಟಿಗೆಯ ಒಳಬಟ್ಟೆಗೆ ಹತ್ತಿತೆಂದರೆ ಕಮಟು ವಾಸನೆ ಹೋಗುವುದೇ ಇಲ್ಲ, ಇರುವೆಯೂ ಮುತ್ತುತ್ತೆ. ರೈಲಿನ ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆಜಿ, ಸೆಕೆಂಡ್ ಕ್ಲಾಸಿನಲ್ಲಿ 35 ಕೆಜಿ ಪುಕ್ಕಟೆ ಬಿಡುತ್ತಾರೆ. ಅಷ್ಟು ಸಾಲದೆ?

• ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯ ಟಿಕೆಟ್ಟಿಗೆ ಬಹುತೇಕ 15 ಕೆಜಿ ಒಳಗೆ, 7 ಕೆಜಿ ಕೈಯಲ್ಲಿ. ಪೆಟ್ಟಿಗೆಯೇ 5 ಕೆಜಿ ತೂಗಿದರೆ ನಿಮಗುಳಿಯುವುದು ಹತ್ತೇ. ಹಾಗಾಗಿ ಕೊಳ್ಳುವಾಗಲೇ ತೂಕ ಕೇಳಿ. ಮೊಬೈಲ್ ಚಾರ್ಜು ಮಾಡುವ ಬ್ಯಾಟರಿ ಇರುವ ಪೆಟ್ಟಿಗೆಯಾದರೆ ಬ್ಯಾಟರಿ ಬಿಚ್ಚಲು ಬರಬೇಕು. ಪವರ್ ಬ್ಯಾಂಕು ಕೈಚೀಲದಲ್ಲೇ ಹೋಗಬೇಕು.

• ಊರಿನ ಮನೆಯಲ್ಲಿ ಬಿಟ್ಟು ಹೋಗುವ ಪೆಟ್ಟಿಗೆಯನ್ನು ಕಾಯಿ ಇಟ್ಟ ಅಟ್ಟಕ್ಕೆ ಹಾಕಿಸಬೇಡಿ. ಕೊಬ್ಬರಿಯ ವಾಸನೆಗೆ ಬರುವ ಇಲಿ ಬಟ್ಟೆಯ ಚೀಲವನ್ನೂ ಬಿಡದು. ಮಳೆಗಾಲದಲ್ಲಿ ನೆನೆದದ್ದನ್ನು ಜಿಪ್ಪು ತೆರೆದು ನೆರಳಲ್ಲಿ ಆರಿಸಿ ಎತ್ತಿಡಿ.

• ರಸೀದಿ ಜೋಪಾನ. ವಾರಂಟಿ ಚೀಟಿಯಲ್ಲಿ ಚಕ್ರ, ಹಿಡಿಯ ಹೆಸರಿದೆಯೋ ಇಲ್ಲವೋ ಓದಿ. ವಿಮಾನದಲ್ಲಿ ಆದ ಏಟಿಗೆ ಕಂಪನಿಗಳು ಹೆಚ್ಚಾಗಿ ಹೊಣೆ ಹೊರುವುದಿಲ್ಲ. ಅಂಥ ಏಟು ಬಿದ್ದಿದ್ದರೆ ನಿಲ್ದಾಣ ಬಿಡುವ ಮುಂಚೆಯೇ ವಿಮಾನದವರ ಕೌಂಟರಿನಲ್ಲಿ ಬರೆಸಿ, ಫೋಟೋ ತೆಗೆದಿಡಿ. ಹೊರದೇಶದ ಪ್ರಯಾಣವಾದರೆ ಪೆಟ್ಟಿಗೆ ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.