ರೇಡಿಯೋಥೆರಪಿ ಓದಲು ಬರುವವರಿಗೆ

ಪಿಯುಸಿ ವಿಜ್ಞಾನ ಮುಗಿಸಿ, ಅಲೈಡ್ ಹೆಲ್ತ್ ಕೋರ್ಸುಗಳ ಪಟ್ಟಿ ಮುಂದಿಟ್ಟುಕೊಂಡು ಕೂತವರಿಗೆ ‘ಬಿ.ಎಸ್ಸಿ. ರೇಡಿಯೋಥೆರಪಿ ಟೆಕ್ನಾಲಜಿ’ ಎಂಬುದು ಎಕ್ಸ್‌ರೇ ಕೋರ್ಸಿನದೇ ಇನ್ನೊಂದು ಹೆಸರೆನಿಸುವುದು ಸಹಜ. ಎರಡೂ ಬೇರೆ. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ತೆಗೆಯುವುದನ್ನು ಕಲಿಸುವುದು ಇಮೇಜಿಂಗ್ ಕೋರ್ಸು. ಅಲ್ಲಿನ ಕೆಲಸ ರೋಗ ಪತ್ತೆಗೆ ಬೇಕಾದ ಚಿತ್ರ ತೆಗೆಯುವುದು. ಇಲ್ಲಿ ವಿಕಿರಣವೇ ಔಷಧ, ರೋಗಿಗಳಲ್ಲಿ ಹೆಚ್ಚಿನವರು ಕ್ಯಾನ್ಸರಿನವರು. ಅರ್ಜಿ ತುಂಬುವ ಮೊದಲೇ ಇದನ್ನು ಮನದಟ್ಟು ಮಾಡಿಕೊಳ್ಳಿ. ಸೇರಿದ ಮೇಲೆ ಗೊತ್ತಾದರೆ ಒಂದು ವರ್ಷ ಹೋದ ಹಾಗೆಯೇ.

ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ರೂಢಿಯಲ್ಲಿರುವ ಕ್ರಮ ಮೂರು ವರ್ಷದ ಪಾಠ, ಮೇಲೊಂದು ವರ್ಷದ ಇಂಟರ್ನ್‌ಶಿಪ್. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ಕಲಿಕೆ ಇದೆ, ಮಣಿಪಾಲದಲ್ಲೂ ಇದೆ. 2021ರ ಅಲೈಡ್ ಹೆಲ್ತ್ ಕಾಯ್ದೆ ಬಂದ ಮೇಲೆ ನಿಯಮಗಳು ಬದಲಾಗುತ್ತಿವೆ. ಆದ್ದರಿಂದ ಅಣ್ಣನೋ ಅಕ್ಕನೋ ಸೇರಿದ ವರ್ಷದ ಮಾತು ನಂಬಬೇಡಿ, ನೀವು ಸೇರುವ ವರ್ಷದ ಪ್ರಕಟಣೆಯನ್ನೇ ಓದಿ.

ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನದಂಥ ತಳಪಾಯದ ವಿಷಯಗಳು. ಮಕ್ಕಳು ಬೆದರುವುದು ಅದರಾಚೆಗೆ ಬರುವ ವಿಕಿರಣ ಭೌತಶಾಸ್ತ್ರಕ್ಕೆ. ನಿಧಾನವಾಗಿ ನೋಡಿದರೆ ಅದು ಅಷ್ಟು ಕಷ್ಟದ್ದಲ್ಲ. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ ಇಳಿದರೆ ಅದು 1 ಗ್ರೇ. ಸಾಮಾನ್ಯ ಚಿಕಿತ್ಸೆಯಲ್ಲಿ ದಿನಕ್ಕೆ ಕೊಡುವುದು ಸುಮಾರು 2 ಗ್ರೇ. ಶಾಖದ ಲೆಕ್ಕದಲ್ಲಿ ಇದು ಏನೇನೂ ಅಲ್ಲ: ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲಿನಷ್ಟೂ ಏರಿಸದು. ಹಾಗಿದ್ದೂ ಗಡ್ಡೆ ಕರಗುವುದೇಕೆ? ಆ ಶಕ್ತಿ ಬೆಂಕಿಯ ಕಾವಿನಂತೆ ಹದವಾಗಿ ಹರಡುವುದಿಲ್ಲ, ಜೀವಕೋಶದೊಳಗಿನ ಡಿ.ಎನ್.ಎ.ಯ ಮೇಲೆ ಬಿಡಿಬಿಡಿ ಪೆಟ್ಟುಗಳಾಗಿ ಬೀಳುತ್ತದೆ. ಅದರ ಎರಡೂ ಎಳೆಗಳು ಒಂದೇ ಕಡೆ ತುಂಡಾದರೆ ಕೋಶಕ್ಕೆ ದುರಸ್ತಿ ಕಷ್ಟ. ಮುಂದೆ ವಿಭಜನೆಗೆ ಹೊರಟಾಗ ಅದು ಸಾಯುತ್ತದೆ.

ಪೆಟ್ಟು ಅಕ್ಕಪಕ್ಕದ ಒಳ್ಳೆಯ ಕೋಶಗಳಿಗೂ ಬೀಳುತ್ತದೆ, ಆದರೆ ನಡುವೆ ಬಿಡುವು ಕೊಟ್ಟರೆ ಅವು ಕ್ಯಾನ್ಸರ್ ಕೋಶಗಳಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ಹೀಗಾಗಿ 50 ಗ್ರೇಯನ್ನು ಒಂದೇ ದಿನ ಸುರಿಯದೆ ವಾರಕ್ಕೆ ಐದು ದಿನದಂತೆ 25 ಕಂತುಗಳಲ್ಲಿ ಕೊಡುತ್ತಾರೆ. ಕಂತಿನ ಈ ಉಪಾಯಕ್ಕೆ ದಾರಿ ತೋರಿಸಿದ್ದು ಪ್ಯಾರಿಸ್ಸಿನಲ್ಲಿ ಕ್ಲಾಡಿಯಸ್ ರೆಗೊ ಟಗರುಗಳ ವೃಷಣದ ಮೇಲೆ ನಡೆಸಿದ ಪ್ರಯೋಗ. ಒಂದೇ ಸಲ ಕೊಟ್ಟಾಗ ಚರ್ಮ ಕೆಡದೆ ಸಂತಾನಶಕ್ತಿ ನಿಲ್ಲುತ್ತಿರಲಿಲ್ಲ, ಕಂತಿನಲ್ಲಿ ಕೊಟ್ಟಾಗ ಚರ್ಮ ಉಳಿದು ಕೆಲಸವಾಯಿತು. ನಿಮ್ಮ ಇಡೀ ವೃತ್ತಿ ನಿಂತಿರುವುದು ಈ ಕಂತುಗಳ ಮೇಲೆ.

ಕಂತೆಂದರೆ ಅದೇ ಮನುಷ್ಯ ಅದೇ ಭಂಗಿಯಲ್ಲಿ 25 ಸಲ ಮಲಗಬೇಕು. ಗಂಟಲ ಕ್ಯಾನ್ಸರಿನ ಒಬ್ಬ ರೋಗಿಯನ್ನು ತೆಗೆದುಕೊಳ್ಳಿ. ತೂತುತೂತಿನ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿಯ ನೀರಿನಲ್ಲಿ ಮೆತ್ತಗೆ ಮಾಡಿ, ನೀರು ಒರೆಸಿ, ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಗಟ್ಟಿಯಾಗಿ ಆ ಮುಖದ್ದೇ ಮಾಸ್ಕ್ ಆಗುತ್ತದೆ. ಮಾಸ್ಕ್ ಹಾಕಿಯೇ ಸಿ.ಟಿ. ತೆಗೆಯುವುದು. ಆ ಚಿತ್ರದ ಮೇಲೆ ರೇಡಿಯೇಷನ್ ಆಂಕಾಲಜಿಸ್ಟ್ ಗಡ್ಡೆಯನ್ನೂ ಕಾಪಾಡಬೇಕಾದ ಅಂಗಗಳನ್ನೂ ಗುರುತಿಸುತ್ತಾರೆ, ಮೆಡಿಕಲ್ ಫಿಸಿಸಿಸ್ಟ್ ಕಿರಣಗಳ ಲೆಕ್ಕ ಹಾಕುತ್ತಾರೆ. ಬಳಿಕ ರೋಗಿ ಬರುವುದು ಟೆಕ್ನಾಲಜಿಸ್ಟ್ ಕೈಗೆ, ಅಂದರೆ ನಿಮ್ಮ ಕೈಗೆ, ದಿನಾ.

ಗೋಡೆಯಿಂದ ಬರುವ ಲೇಸರ್ ಗೆರೆಗಳಿಗೆ ಮಾಸ್ಕಿನ ಗುರುತುಗಳನ್ನು ಹೊಂದಿಸುತ್ತೀರಿ. ಗಂಟಲಿನ ಹಿಂದೆಯೇ ಬೆನ್ನುಹುರಿ ಇದೆ. ಅದಕ್ಕೆ ಒಟ್ಟು ಸುಮಾರು 45 ಗ್ರೇ ದಾಟದಂತೆ ನೋಡಿಕೊಳ್ಳುವುದು ವಾಡಿಕೆ, ಗಡ್ಡೆಗೆ ಬೇಕಾದದ್ದೋ ಅದಕ್ಕಿಂತ ಹೆಚ್ಚು. ಗದ್ದ ಅರ್ಧ ಸೆಂಟಿಮೀಟರ್ ವಾಲಿದರೂ ಲೆಕ್ಕ ತಪ್ಪುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ರೋಗಿಗೆ ಗಂಟಲು ಹುಣ್ಣಾಗಿ, ಊಟ ಸೇರದೆ, ತೂಕ ಇಳಿದು ಮಾಸ್ಕ್ ಸಡಿಲವಾಗಿರುತ್ತದೆ. ಇದು ಮೊದಲು ಕಣ್ಣಿಗೆ ಬೀಳಬೇಕಾದದ್ದು ಟೆಕ್ನಾಲಜಿಸ್ಟ್‌ಗೆ. ನೋಡಿ ಸುಮ್ಮನಿದ್ದರೆ ಮುಂದಿನ ಕಂತುಗಳು ದಿಕ್ಕು ತಪ್ಪುತ್ತವೆ. ಹೇಳಿದರೆ ಹೊಸ ಮಾಸ್ಕ್, ಹೊಸ ಪ್ಲಾನ್. ‘ಬರೀ ಸ್ವಿಚ್ ಒತ್ತುವ ಕೆಲಸ’ ಎನ್ನುವವರಿಗೆ ನಾನು ಈ ಸಡಿಲ ಮಾಸ್ಕಿನ ವಿಷಯವನ್ನೇ ಹೇಳುವುದು.

ಗರ್ಭಕಂಠದ ಕ್ಯಾನ್ಸರಿನಲ್ಲಿ ಮಾಸ್ಕ್ ಇಲ್ಲ, ಬೇರೆ ಪಾಡು. ಮೂತ್ರಕೋಶ ದಿನಾ ಒಂದೇ ಮಟ್ಟಕ್ಕೆ ತುಂಬಿರಬೇಕೆಂದು ನೀರು ಕುಡಿಸಿ ಕಾಯಿಸುತ್ತೇವೆ. ಹೊಟ್ಟೆಯ ಮೇಲೆ ಹಾಕಿದ ಗುರುತು ಅಳಿಯದಂತೆ ನೋಡಿಕೊಳ್ಳಿ, ಅಲ್ಲಿ ಸೋಪು, ಎಣ್ಣೆ, ಅರಿಶಿನ ಬೇಡ ಎಂದು ಬಿಡಿಸಿ ಹೇಳಬೇಕು. ನಿಮ್ಮ ಕನ್ನಡ ಬಳಕೆಗೆ ಬರುವುದು ಇಲ್ಲೇ. ಪುಸ್ತಕವೆಲ್ಲ ಇಂಗ್ಲಿಷು, ರೋಗಿಗಳು ಹಾಗಲ್ಲ. “ಕರೆಂಟ್ ಇಡ್ತಾರಂತೆ, ಶಾಕ್ ಹೊಡೀತದಾ?” ಎಂದು ಕೇಳುವ ಅಜ್ಜಿಗೆ ಫೋಟಾನಿನ ಪಾಠ ಬೇಡ. “ಇಲ್ಲಜ್ಜಿ, ನೋವಿಲ್ಲ, ಬಿಸಿಯೂ ಆಗಲ್ಲ. ಮಿಷನ್ ಸುತ್ತ ತಿರುಗುತ್ತೆ, ನೀವು ಅಲುಗಾಡದೆ ಮಲಗಿ, ಹೊರಗಿಂದ ಟೀವಿಯಲ್ಲಿ ನಿಮ್ಮನ್ನೇ ನೋಡ್ತಿರ್ತೀವಿ” ಎಂದರೆ ಸಾಕು. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪುಸ್ತಕಕ್ಕೆ ಹೆದರಿ ಹಿಂಜರಿಯಬೇಡಿ. ಆರು ತಿಂಗಳಲ್ಲಿ ಪದಗಳು ಒಗ್ಗುತ್ತವೆ.

ಯಂತ್ರಗಳಲ್ಲಿ ಮುಖ್ಯವಾದವು ಎರಡು. ಲೀನಿಯರ್ ಆಕ್ಸಿಲರೇಟರ್ ವಿದ್ಯುತ್ತಿನಿಂದ ಕಿರಣ ಹುಟ್ಟಿಸುತ್ತದೆ, ಆಫ್ ಮಾಡಿದರೆ ಕಿರಣ ನಿಂತಿತು. ಕೋಬಾಲ್ಟ್ ಯಂತ್ರದೊಳಗೆ ಇರುವುದು ಸದಾ ಕಿರಣ ಸೂಸುವ ಮೂಲ. ಅದರ ಅರ್ಧಾಯುಷ್ಯ 5.27 ವರ್ಷ, ಆದ್ದರಿಂದ ತಿಂಗಳಿಗೆ ಶೇ. 1ರಷ್ಟು ಶಕ್ತಿ ಕುಂದುತ್ತದೆ, ಚಿಕಿತ್ಸೆಯ ಸಮಯ ಅಷ್ಟೇ ಹೆಚ್ಚುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಕೋಬಾಲ್ಟ್ ಯಂತ್ರ ‘ಭಾಭಾಟ್ರಾನ್’ ತಯಾರಾಗುವುದು ನಮ್ಮ ಬೆಂಗಳೂರಿನ ಪನೇಸಿಯಾ ಕಂಪನಿಯಲ್ಲಿ.

ಅಪ್ಪ ಅಮ್ಮಂದಿರ ಪ್ರಶ್ನೆ ಒಂದೇ: ಮಕ್ಕಳಿಗೆ ವಿಕಿರಣ ತಗಲುವುದಿಲ್ಲವೇ? ಚಿಕಿತ್ಸೆ ನಡೆಯುವಾಗ ಒಳಗೆ ರೋಗಿ ಮಾತ್ರ. ಗೋಡೆ ಮೀಟರಿಗೂ ದಪ್ಪದ ಕಾಂಕ್ರೀಟು, ಬಾಗಿಲು ತೆರೆದರೆ ಕಿರಣ ತಾನೇ ನಿಲ್ಲುವ ವ್ಯವಸ್ಥೆ. ಎದೆಯ ಮೇಲಿನ ಟಿ.ಎಲ್.ಡಿ. ಬ್ಯಾಡ್ಜ್ ತಗಲಿದ್ದನ್ನೆಲ್ಲ ಲೆಕ್ಕ ಇಡುತ್ತದೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಕೆಲಸಗಾರರಿಗೆ ವಿಧಿಸಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಹೊರಗಿನಿಂದ ಕಿರಣ ಪಡೆದ ರೋಗಿಯ ಮೈಯಿಂದ ವಿಕಿರಣ ಬರುವುದೂ ಇಲ್ಲ. ಮನೆಗೆ ಹೋಗಿ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು.

ಇನ್ನೊಂದು ಮಾತು. ಈ ಪದವಿ ಪಡೆದು ಮುಂದೆ ಮೆಡಿಕಲ್ ಫಿಸಿಸಿಸ್ಟ್ ಆಗುತ್ತೇನೆಂದು ಕೆಲವರು ಬರುತ್ತಾರೆ. ಆ ದಾರಿ ಹೊರಡುವುದು ಭೌತಶಾಸ್ತ್ರದ ಬಿ.ಎಸ್ಸಿ.ಯಿಂದ. ನಿಮ್ಮ ಮನಸ್ಸು ಅತ್ತ ಇದ್ದರೆ ಈಗಲೇ ಅಲ್ಲಿಗೆ ಹೋಗಿ. ಇಲ್ಲಿಗೇ ಬರುವುದಾದರೆ, ಫೀಸು ಕಟ್ಟುವ ಮುಂಚೆ ಕಾಲೇಜಿನಲ್ಲಿ ಕೇಳಿ: ಸ್ವಂತ ಚಿಕಿತ್ಸಾ ಯಂತ್ರ ಇದೆಯೇ, ದಿನಕ್ಕೆ ಎಷ್ಟು ರೋಗಿಗಳು, ವಿದ್ಯಾರ್ಥಿಗಳನ್ನು ಯಾವ ವರ್ಷದಿಂದ ಒಳಗೆ ಬಿಡುತ್ತೀರಿ? ಯಂತ್ರ ಬೇರೆ ಆಸ್ಪತ್ರೆಯಲ್ಲಿದೆ, ಆಮೇಲೆ ಕಳಿಸುತ್ತೇವೆ ಎಂದರೆ ಅಲ್ಲಿಗೆ ಸೇರಬೇಡಿ.