ಗೀಸರಿನ ಥರ್ಮೋಸ್ಟಾಟ್: ಸಣ್ಣ ಭಾಗ, ದೊಡ್ಡ ಹೊಣೆ



ಗ್ರೈಂಡರ್ ಕೆಟ್ಟರೆ ನಾವು ಅರ್ಧ ಗಂಟೆಯಲ್ಲಿ ಮೆಕ್ಯಾನಿಕ್‌ನನ್ನು ಕರೆಸುತ್ತೇವೆ. ಆದರೆ ನಮ್ಮ ಹುಡುಗರು ಉಳಿದುಕೊಳ್ಳುವ ಮನೆಯ ಬಚ್ಚಲಲ್ಲಿರುವ ಗೀಸರ್ ಕೆಟ್ಟರೆ ತಿಂಗಳುಗಟ್ಟಲೆ ಅದರತ್ತ ತಿರುಗಿ ನೋಡುವುದಿಲ್ಲ. ಇದು ನಮ್ಮ ಅನುಭವದ ಮಾತು.

ಮುಂಬಯಿ-ಆಗ್ರಾ ಹೆದ್ದಾರಿಯಲ್ಲಿ ಇಗತಪುರಿ ದಾಟಿದರೆ ಸಿಗುವ ಘೋಟಿ ಅನೇಕ ಸದಸ್ಯರಿಗೆ ಪರಿಚಿತ ಊರು. ಸಿನ್ನರ್ ಮಾರ್ಗವಾಗಿ ಶಿರಡಿಗೆ ಹೋಗುವವರು ಇಲ್ಲಿಂದಲೇ ತಿರುಗುತ್ತಾರೆ. ಒಂದು ಚಳಿಗಾಲದಲ್ಲಿ ನಮ್ಮ ಅಡುಗೆ ತಂಡಕ್ಕಾಗಿ ಅಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೆವು. ಗೀಸರಿನ ನೀರು ಸರಿಯಾಗಿ ಕಾಯುವುದಿಲ್ಲವೆಂದು ಹುಡುಗರು ಹೇಳಿದಾಗ ಯಾರೋ ಒಬ್ಬ ರಿಪೇರಿಯವನನ್ನು ಕರೆಸಿದೆವು. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದ ಅವನು, "ಡೈರೆಕ್ಟ್ ಕೊಟ್ಟಿದ್ದೇನೆ ಶೇಟ್, ಇನ್ನು ಚೆನ್ನಾಗಿ ಕಾಯುತ್ತದೆ" ಎಂದ. ನಾವೂ ಸಂತೋಷದಿಂದ ದುಡ್ಡು ಕೊಟ್ಟು ಕಳುಹಿಸಿದೆವು.

ನಾಲ್ಕನೆಯ ದಿನ ಬೆಳಗಿನ ಜಾವ ನಲ್ಲಿ ತಿರುಗಿಸಿದ ಹುಡುಗನ ಕೈ ಮೇಲೆ ಹಬೆಯೊಡನೆ ಕುದಿನೀರು ಸಿಡಿಯಿತು. ಮೊಣಕೈವರೆಗೆ ಬೊಬ್ಬೆ. ಎರಡು ವಾರ ಅವನು ಸೌಟು ಹಿಡಿಯಲಿಲ್ಲ. "ಡೈರೆಕ್ಟ್" ಎಂದರೆ ಏನೆಂದು ಆಗ ನಾವು ಕೇಳಿ ತಿಳಿದುಕೊಂಡೆವು. ಅದು ಮೊದಲೇ ತಿಳಿದಿದ್ದರೆ ಆ ಹುಡುಗನ ಕೈ ಸುಡುತ್ತಿರಲಿಲ್ಲ. ಆದ್ದರಿಂದಲೇ ಈ ಪಾಠ.

ಕುಕ್ಕರಿನ ಹೋಲಿಕೆ

ಗೀಸರಿನಲ್ಲಿ ಮೂರು ಕಾವಲುಗಾರರಿದ್ದಾರೆ. ಮೊದಲನೆಯದು ಥರ್ಮೋಸ್ಟಾಟ್. ನಾವು ಉರಿ ಸಣ್ಣ ಮಾಡಿದ ಹಾಗೆ, ಬೇಕಾದಷ್ಟು ಬಿಸಿಯಾದ ಕೂಡಲೇ ಅದು ಕರೆಂಟನ್ನು ನಿಲ್ಲಿಸುತ್ತದೆ. ಸಾಮಾನ್ಯವಾಗಿ ಅದು ಉದ್ದನೆಯ ಹಿತ್ತಾಳೆ ಕೊಳವೆ. ಅದರೊಳಗೆ ಬಿಸಿಗೆ ಬಹಳ ಕಡಿಮೆ ಹಿಗ್ಗುವ ಲೋಹದ ಸರಳು ಇರುತ್ತದೆ. ಹಿತ್ತಾಳೆ ಹಿಗ್ಗುತ್ತದೆ, ಸರಳು ಹಿಗ್ಗುವುದಿಲ್ಲ. ಈ ವ್ಯತ್ಯಾಸವೇ ಒಳಗಿನ ಸ್ವಿಚ್ಚನ್ನು ತೆರೆಯುತ್ತದೆ.

ಎರಡನೆಯದು ಕಟ್-ಔಟ್. ಥರ್ಮೋಸ್ಟಾಟ್ ಕೈಕೊಟ್ಟು ನೀರು ಮಿತಿಮೀರಿ ಕಾದಾಗ ಇದು ಕರೆಂಟನ್ನು ಕಡಿಯುತ್ತದೆ. ಮೂರನೆಯದು ಕುಕ್ಕರಿನ ಸೇಫ್ಟಿ ವಾಲ್ವ್‌ನಂತೆ ಒತ್ತಡ ಹೊರಬಿಡುವ ವಾಲ್ವ್. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದರೆ ಇದೂ ಮುಚ್ಚಿಹೋಗಬಹುದು.

"ಡೈರೆಕ್ಟ್ ಕೊಡುವುದು" ಎಂದರೆ ಮೊದಲ ಎರಡು ಕಾವಲುಗಾರರನ್ನು ಬದಿಗೆ ಸರಿಸಿ ವೈರನ್ನು ನೇರ ಜೋಡಿಸುವುದು. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ನಲ್ಲಿ ತೆರೆದೊಡನೆ ಹಬೆಯಾಗಿ ಸಿಡಿಯುತ್ತದೆ. ವಾಲ್ವೂ ಮುಚ್ಚಿದ್ದರೆ ಟ್ಯಾಂಕೇ ಒಡೆಯಬಹುದು.

ಕೆಟ್ಟಿರುವುದು ಯಾವುದು?

ನೀರು ಬಿಸಿಯೇ ಆಗದಿದ್ದರೆ ಥರ್ಮೋಸ್ಟಾಟಿನ ಕಾಂಟಾಕ್ಟ್ ಸುಟ್ಟಿರಬಹುದು, ಎಲಿಮೆಂಟ್ ಹೋಗಿರಬಹುದು, ಇಲ್ಲವೇ ಕಟ್-ಔಟ್ ಬಿದ್ದಿರಬಹುದು. ನೀರು ವಿಪರೀತ ಕಾಯುತ್ತಿದ್ದರೆ ಅಥವಾ ಕಟ್-ಔಟ್ ಪದೇ ಪದೇ ಬೀಳುತ್ತಿದ್ದರೆ ಥರ್ಮೋಸ್ಟಾಟಿನ ಕಾಂಟಾಕ್ಟ್ ಅಂಟಿಕೊಂಡಿರುವ ಸಂಭವ ಹೆಚ್ಚು. ಕಾರಣ ಹುಡುಕದೆ ಕಟ್-ಔಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು ಸರ್ವಥಾ ಸಲ್ಲದು.

ಬದಲಾಯಿಸುವ ಕ್ರಮ

ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು. ಗ್ಯಾರಂಟಿ ಅವಧಿಯೊಳಗಿದ್ದರೆ ಕಂಪನಿಯವರನ್ನೇ ಕರೆಯಿರಿ. ಆದರೂ ಮಾಲೀಕರಾದ ನಾವು ಪಕ್ಕದಲ್ಲಿ ನಿಂತು ಈ ಕೆಳಗಿನವು ನಡೆಯುತ್ತಿವೆಯೇ ಎಂದು ನೋಡಬೇಕು.

1. ಎಂಸಿಬಿ ಆಫ್ ಮಾಡಿ ಪ್ಲಗ್ಗನ್ನೂ ಕಿತ್ತಿಡಬೇಕು. ಬೇರೆಯವರು ಆನ್ ಮಾಡದಂತೆ ಎಂಸಿಬಿಯ ಮೇಲೆ ಟೇಪ್ ಹಚ್ಚಬೇಕು. ನೆಲ ಒಣಗಿರಬೇಕು. ಟೆಸ್ಟರಿನ ದೀಪ ಉರಿಯಲಿಲ್ಲವೆಂದು ನಂಬದೆ ಮಲ್ಟಿಮೀಟರಿನಿಂದ ನೋಡಬೇಕು. ಆ ಮೀಟರನ್ನೂ ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಪರೀಕ್ಷಿಸಿಕೊಳ್ಳಬೇಕು.

2. ನಲ್ಲಿ ಬಿಟ್ಟು ಟ್ಯಾಂಕಿನ ನೀರು ತಣ್ಣಗಾದ ಮೇಲೆ ಮುಚ್ಚಳ ತೆಗೆಯಬೇಕು. ವೈರುಗಳನ್ನು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಬೇಕು.

3. ವೈರು ಬಿಚ್ಚಿ ಅಳೆಯಬೇಕು. 230 ವೋಲ್ಟಿನ 2 ಕಿಲೋವ್ಯಾಟ್ ಎಲಿಮೆಂಟ್ ಸುಮಾರು 26 ಓಮ್ ತೋರಿಸಬೇಕು. ಎಲಿಮೆಂಟಿಗೂ ಟ್ಯಾಂಕಿನ ಮೈಗೂ ಸಂಪರ್ಕ ಇರಲೇಬಾರದು. ಇದ್ದರೆ ಥರ್ಮೋಸ್ಟಾಟ್ ಬದಲಿಸಿ ಪ್ರಯೋಜನವಿಲ್ಲ, ಎಲಿಮೆಂಟನ್ನೇ ಬದಲಿಸಬೇಕು.

4. ಥರ್ಮೋಸ್ಟಾಟಿನ ಕೊಳವೆ ಒಣ ಪಾಕೆಟ್ಟಿನಲ್ಲಿ ಕೂತಿರುತ್ತದೆ. ಆದ್ದರಿಂದ ಟ್ಯಾಂಕ್ ಖಾಲಿ ಮಾಡದೆಯೇ ಅದನ್ನು ಎಳೆದು ತೆಗೆಯಬಹುದು. ಎಳೆದಾಗ ನೀರು ಬಂದರೆ ಪಾಕೆಟ್ ತೂತಾಗಿದೆ ಎಂದರ್ಥ. ಅಲ್ಲಿಗೆ ಕೆಲಸ ನಿಲ್ಲಿಸಿ, ನೀರನ್ನೂ ಬಂದ್ ಮಾಡಬೇಕು.

5. ಹೊಸದು ಹಳೆಯದರಷ್ಟೇ ಉದ್ದವಿರಬೇಕು, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಜೋಡಿಸುವ ಮೊದಲು ನಮ್ಮ ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಕೊಳವೆಯನ್ನು ಮಾತ್ರ ಕುದಿನೀರಿನ ಪಾತ್ರೆಯಲ್ಲಿ ಅದ್ದಿ, ತಲೆಯ ಭಾಗ ಒದ್ದೆಯಾಗದಂತೆ ಹಿಡಿಯಿರಿ. "ಟಿಕ್" ಎಂದು ಬಿಟ್ಟುಕೊಂಡು, ತಣಿದ ಮೇಲೆ ಮತ್ತೆ "ಟಿಕ್" ಎಂದು ಕೂಡಿಕೊಂಡರೆ ಸರಿಯಿದೆ. ಕಿತ್ತ ಹಳೆಯದನ್ನೂ ಹೀಗೆಯೇ ನೋಡಿದರೆ ದೋಷ ಖಚಿತವಾಗುತ್ತದೆ.

6. ಕಪ್ಪಾದ ವೈರಿನ ತುದಿಯನ್ನು ಕತ್ತರಿಸಿ ಹೊಸ ಲಗ್ ಹಾಕಬೇಕು. ಸಡಿಲವಾದ ಜೋಡಣೆಯಿಂದಲೇ ಎಷ್ಟೋ ಥರ್ಮೋಸ್ಟಾಟುಗಳು ಸುಡುತ್ತವೆ. ಫೇಸ್ ವೈರು ಕಟ್-ಔಟ್ ಮತ್ತು ಥರ್ಮೋಸ್ಟಾಟಿನ ಮೂಲಕವೇ ಎಲಿಮೆಂಟಿಗೆ ಹೋಗಬೇಕು. ಹಸಿರು ಅರ್ಥಿಂಗ್ ವೈರನ್ನು ಮರೆಯುವಂತಿಲ್ಲ.

7. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆಯಾಗಿ ನೀರು ಬಂದ ಮೇಲಷ್ಟೇ ಆನ್ ಮಾಡಬೇಕು. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಎಲಿಮೆಂಟ್ ಸುಟ್ಟುಹೋಗುತ್ತದೆ.

ಕೊನೆಯ ಪರೀಕ್ಷೆ

25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 1.16 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಗೀಸರಿಗೆ ಇದು ಸುಮಾರು 35 ನಿಮಿಷದ ಕೆಲಸ. ಥರ್ಮೋಸ್ಟಾಟನ್ನು 60ಕ್ಕೆ ಇಟ್ಟು ಗಡಿಯಾರ ನೋಡಿ. ಹೆಚ್ಚುಕಡಿಮೆ ಆ ಹೊತ್ತಿಗೆ ದೀಪ ಆರಬೇಕು. ಮುಕ್ಕಾಲು ಗಂಟೆ ಕಳೆದರೂ ಆರದಿದ್ದರೆ ಆಫ್ ಮಾಡಿ ಮತ್ತೆ ಪರಿಶೀಲಿಸಬೇಕು. ನೀರನ್ನು ಬಕೆಟ್ಟಿಗೆ ಬಿಟ್ಟು ಅಡುಗೆಯ ಥರ್ಮಾಮೀಟರಿನಲ್ಲಿ ಅಳೆದರೆ ಇನ್ನೂ ಉತ್ತಮ.

ಬೆಚ್ಚಗಿದ್ದರೆ ಸಾಕೆಂದು ಸದಾ 40 ಡಿಗ್ರಿಗೆ ಇಡುವುದೂ ಸರಿಯಲ್ಲ. ಅಂಥ ಉಗುರುಬೆಚ್ಚಗಿನ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯಬಲ್ಲದು. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಮಾತನ್ನು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿರಿ. ಗೀಸರಿನ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಇದೇ ಸಂದರ್ಭದಲ್ಲಿ ಹಾಕಿಸಿಬಿಡಿ.

ಗೀಸರ್ ಮನೆಯ ಮಾಲೀಕರದ್ದು, ನಮ್ಮದಲ್ಲ ಎಂದು ಆ ದಿನ ನಾವೂ ಹೇಳಿಕೊಂಡಿದ್ದೆವು. ಆದರೆ ಸುಟ್ಟದ್ದು ನಮ್ಮನ್ನು ನಂಬಿ ಊರು ಬಿಟ್ಟು ಬಂದ ಹುಡುಗನ ಕೈ. ಬಂಧುಗಳೇ, ಇನ್ನು ಮುಂದೆ ರಿಪೇರಿಯವನು "ಡೈರೆಕ್ಟ್" ಎಂದರೆ ದುಡ್ಡು ಕೊಡಬೇಡಿ. ವೈರನ್ನು ಮೊದಲಿನಂತೆ ಮಾಡಿಸಿ, ಹೊಸ ಭಾಗ ಬರುವ ತನಕ ಗೀಸರನ್ನು ಬಂದ್ ಇಡಿ. ಅಲ್ಲಿಯವರೆಗೆ ಹುಡುಗರ ಸ್ನಾನಕ್ಕೆ ನಮ್ಮ ಅಡುಗೆಮನೆಯ ಒಲೆಯಲ್ಲಿ ಒಂದು ಹಂಡೆ ನೀರು ಕಾಯಿಸಿ ಕೊಡುವುದು ಕಷ್ಟವೇನಲ್ಲ.