ಸಿಪ್ಪೆಯೇ ಸಿಹಿಯಾದ ಕುಮ್‌ಕ್ವಾಟ್

ಕಿತ್ತಳೆಯ ಕುಲಕ್ಕೆ ಸೇರಿದ ಫಲಗಳಲ್ಲಿ ಸಿಪ್ಪೆಯನ್ನು ಸುಲಿದೆಸೆದು ತೊಳೆಯನ್ನು ತಿನ್ನುವುದೇ ಲೋಕರೂಢಿಯಾಗಿರಲು, ದಕ್ಷಿಣ ಚೀನಾ ದೇಶದ ಕುಮ್‌ಕ್ವಾಟ್ ಒಂದು ಮಾತ್ರ ಈ ರೂಢಿಗೆ ಹೊರತಾಗಿ ನಿಂತಿದೆ. ಹೆಬ್ಬೆರಳಿನ ತುದಿಗೆಣ್ಣಿಗಿಂತ ತುಸುವೇ ದೊಡ್ಡದಾದ ಈ ಹೊಂಬಣ್ಣದ ಹಣ್ಣಿನಲ್ಲಿ ಮಾಧುರ್ಯವೆಲ್ಲ ಸಿಪ್ಪೆಯನ್ನು ಸೇರಿ, ತಿರುಳಿನ ಪಾಲಿಗೆ ಉಳಿದಿರುವುದು ಹುಳಿಯೊಂದೇ ಆದಕಾರಣ, ಇದರ ಪಾಕವಿಧಾನಗಳೆಲ್ಲವೂ ಸಿಪ್ಪೆಯನ್ನು ಕಾಪಾಡಿಕೊಂಡು ಹುಳಿಯನ್ನು ಹದಕ್ಕೆ ತರುವ ಉಪಾಯಗಳೇ ಆಗಿವೆ.

1178ರಲ್ಲಿ ಹಾನ್ ಯೆನ್-ಚಿ ಎಂಬ ಚೀನೀ ಪಂಡಿತನು ನಿಂಬೆ ಕಿತ್ತಳೆಗಳ ಕುರಿತು ಬರೆದ ಗ್ರಂಥದಲ್ಲಿಯೇ ಈ ಹಣ್ಣಿನ ಪ್ರಸ್ತಾಪವಿದೆ. ಯುರೋಪಿಗೆ ಇದನ್ನು 1846ರಲ್ಲಿ ಕೊಂಡೊಯ್ದವನು ಸಸ್ಯಸಂಗ್ರಾಹಕನಾದ ರಾಬರ್ಟ್ ಫಾರ್ಚ್ಯೂನ್. ಕ್ವಾಂಗ್‌ಟುಂಗ್ ಮತ್ತು ಹಾಂಗ್‌ಕಾಂಗ್ ಪ್ರಾಂತಗಳಲ್ಲಿ ಹೊಸ ವರ್ಷದ ದಿನಗಳಲ್ಲಿ ಹಣ್ಣು ತುಂಬಿದ ಕುಂಡಗಳನ್ನು ಸಂಪತ್ತಿನ ಸಂಕೇತವೆಂದು ಬಾಗಿಲ ಬಳಿ ಇರಿಸುತ್ತಾರೆ. ಆದರೆ ಅಲಂಕಾರಕ್ಕೆಂದೇ ಬೆಳೆಸಿದ ಇಂಥ ಗಿಡಗಳಿಗೆ ಔಷಧ ಸಿಂಪಡಿಸಿರುವ ಸಂಭವವುಂಟು. ಸಿಪ್ಪೆಸಹಿತ ತಿನ್ನತಕ್ಕ ಹಣ್ಣಾದುದರಿಂದ ಅಡಿಗೆಗೆ ಅವು ವರ್ಜ್ಯ. ನಮ್ಮ ನರ್ಸರಿಗಳಲ್ಲಿ ಚೀನಾ ಕಿತ್ತಳೆಯೆಂದು ಕೊಡುವ ಕುಂಡದ ಗಿಡವೂ ಬಹುಮಟ್ಟಿಗೆ ಕ್ಯಾಲಮಾಂಡಿನ್ ಎಂಬ ಬೇರೆಯೇ ಜಾತಿ. ಅದರ ತೆಳುಸಿಪ್ಪೆ ಸಲೀಸಾಗಿ ಬಿಡಿಸಿಬರುತ್ತದೆ, ರಸ ಹೆಚ್ಚು. ಕುಮ್‌ಕ್ವಾಟಿನ ಸಿಪ್ಪೆಯಾದರೋ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ.

ಉದ್ದನೆಯ ನಾಗಾಮಿ ತಳಿ ಪಾಕಕ್ಕೂ, ದುಂಡನೆಯ ಮೇವಾ ತಳಿ ಹಾಗೆಯೇ ತಿನ್ನುವುದಕ್ಕೂ ಉತ್ತಮ. ಹಸುರು ಛಾಯೆಯಿಲ್ಲದ, ಒತ್ತಿದರೆ ಗಟ್ಟಿಯಾಗಿರುವ ಹಣ್ಣುಗಳನ್ನು ಆರಿಸಿ ಚೆನ್ನಾಗಿ ತೊಳೆದುಕೊಳ್ಳತಕ್ಕದ್ದು. ಹಾಗೆಯೇ ತಿನ್ನುವುದಾದರೆ ಎರಡು ಬೆರಳುಗಳ ನಡುವೆ ಹಣ್ಣನ್ನು ಮೆಲ್ಲನೆ ಹೊರಳಿಸಿದಲ್ಲಿ ಸಿಪ್ಪೆಯೊಳಗಿನ ಸುಗಂಧತೈಲವು ಹೊರಹೊಮ್ಮುತ್ತದೆ. ಅನಂತರ ಇಡಿಯಾಗಿ ಬಾಯಿಗಿಟ್ಟು ನಿಧಾನವಾಗಿ ಅಗಿಯಬೇಕು. ಆತುರಪಟ್ಟು ಕಚ್ಚಿ ನುಂಗಿದವರಿಗೆ ಹುಳಿಯಷ್ಟೇ ತಿಳಿದೀತು.

ಜಪಾನಿನ ಮನೆಗಳಲ್ಲಿ ಹೊಸ ವರ್ಷದ ಭೋಜನಕ್ಕೆ ಸಿದ್ಧಪಡಿಸುವ ಕನ್ರೊನಿ ಎಂಬ ಸಕ್ಕರೆಪಾಕವು ಈ ಹಣ್ಣಿಗೆ ಸಲ್ಲುವ ಪರಮೋಪಚಾರವೆಂದೇ ನನ್ನ ಅಭಿಪ್ರಾಯ. 250 ಗ್ರಾಂ ಹಣ್ಣುಗಳ ತೊಟ್ಟುಗಳನ್ನು ಬಿಡಿಸಿ, ಪ್ರತಿಯೊಂದರ ನಡುಮೈಗೆ ಮೇಲಿನಿಂದ ಕೆಳಕ್ಕೆ ಐದಾರು ಸೀಳುಗಳನ್ನು, ತುದಿಗಳೆರಡೂ ಕೂಡಿಯೇ ಇರುವಂತೆ, ಹರಿತವಾದ ಚಾಕುವಿನಿಂದ ಹಾಕಬೇಕು. ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಬೇಯಿಸಿ ನೀರನ್ನು ಬಸಿದರೆ ಕಹಿಯ ಅಂಶವು ತೊಲಗುತ್ತದೆ. ಮೆದುವಾದ ಹಣ್ಣನ್ನು ತುಸು ಅದುಮಿದಾಗ ಸೀಳುಗಳು ಬಾಯ್ದೆರೆಯುವುವಾಗಿ, ಕಡ್ಡಿಯ ಮೊನೆಯಿಂದ ಬೀಜಗಳನ್ನು ಹೊರತೆಗೆಯುವುದು ಸುಲಭ. ಬಳಿಕ ಹಣ್ಣು ಮುಳುಗುವಷ್ಟು ನೀರು ಹಾಕಿ, 125 ಗ್ರಾಂ ಸಕ್ಕರೆಯನ್ನು ಎರಡು ಸಲಕ್ಕೆ ಹಂಚಿ ಬೆರೆಸಿ, ಸಣ್ಣ ಉರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಇಡತಕ್ಕದ್ದು. ಸಕ್ಕರೆಯನ್ನೆಲ್ಲ ಒಮ್ಮೆಗೇ ಸುರಿದಲ್ಲಿ ಅದು ಹಣ್ಣಿನ ನೀರನ್ನು ಥಟ್ಟನೆ ಸೆಳೆದುಕೊಂಡು ಸಿಪ್ಪೆ ಸುಕ್ಕುಗಟ್ಟಿ ಗಡುಸಾಗುವುದು. ಉರಿ ಜೋರಾದರೆ ಹಣ್ಣು ಒಡೆದು ರೂಪಗೆಡುವುದು. ಸಿಪ್ಪೆ ಪಾರದರ್ಶಕವಾಗಿ ಹೊಳೆಯತೊಡಗಿದಾಗ ಇಳಿಸಿ, ಪಾಕದಲ್ಲಿಯೇ ಆರಲು ಬಿಡಬೇಕು. ಮರುದಿನಕ್ಕೆ ರುಚಿ ಇಮ್ಮಡಿಯಾಗುತ್ತದೆ.

ಕಿತ್ತಳೆ ಸಿಪ್ಪೆಯ ಗೊಜ್ಜನ್ನು ಬಲ್ಲ ಕನ್ನಡದ ಮನೆಗಳಿಗೆ ಈ ಹಣ್ಣು ಅಪರಿಚಿತವೆನಿಸದು. ವಿದೇಶಗಳಲ್ಲಿರುವ ನಮ್ಮವರಿಗೆ ಚಳಿಗಾಲದ ಅಂಗಡಿಗಳಲ್ಲಿ ಇದು ಸಿಕ್ಕಾಗ, ಹತ್ತು ಹದಿನೈದು ಹಣ್ಣುಗಳನ್ನು ಬಿಲ್ಲೆಗಳಾಗಿ ಹೆಚ್ಚಿ ಬೀಜ ತೆಗೆದು, ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಅಂಚು ಕೆಂಪಾಗುವವರೆಗೆ ಬಾಡಿಸಬೇಕು. ತಿರುಳಿನ ಹುಳಿ ಆಗಲೇ ಕೂಡಿರುವುದರಿಂದ ಹುಣಸೆಹಣ್ಣು ಅಡಕೆಯ ಗಾತ್ರದಷ್ಟಿದ್ದರೆ ಸಾಕು. ಬೆಲ್ಲವನ್ನು ಮಾತ್ರ ಜಿಪುಣತನವಿಲ್ಲದೆ ಹಾಕತಕ್ಕದ್ದು. ಉಪ್ಪು, ಅರಿಸಿನ, ಸಾರಿನ ಪುಡಿ ಸೇರಿಸಿ ಎಣ್ಣೆ ಬಿಡುವವರೆಗೆ ಕುದಿಸಿದರೆ, ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ದೊರೆಯುವುದು ದುರ್ಲಭ.

ಇನ್ನುಳಿದದ್ದು ಕ್ವಾಂಗ್‌ಟುಂಗ್ ಸೀಮೆಯವರ ಉಪ್ಪುಹಣ್ಣು. ತೊಳೆದು ಒರಸಿ, ನೀರಿನ ಪಸೆಯಿಲ್ಲದಂತೆ ಒಣಗಿಸಿದ ಹಣ್ಣುಗಳನ್ನು ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ, ಕಲ್ಲುಪ್ಪಿನೊಂದಿಗೆ ಪದರಪದರವಾಗಿ ತುಂಬಿ, ಮುಚ್ಚಿ ತಿಂಗಳುಗಟ್ಟಲೆ ಇಡುತ್ತಾರೆ. ಕಾಲ ಕಳೆದಂತೆ ಹೊನ್ನಿನ ಬಣ್ಣ ಕಂದಿ ಕಪ್ಪುಗೆಂಪಾಗುತ್ತದೆ. ಗಂಟಲು ಕಟ್ಟಿದಾಗ ಒಂದು ಹಣ್ಣನ್ನು ಲೋಟದಲ್ಲಿ ಜಜ್ಜಿ, ಬಿಸಿನೀರು ಎರೆದು, ಜೇನು ಬೆರೆಸಿ ಕುಡಿಯುವುದು ಅಲ್ಲಿಯ ಮನೆಮದ್ದು. ರಕ್ತದೊತ್ತಡದ ಕಾರಣ ಉಪ್ಪನ್ನು ಮಿತಗೊಳಿಸಿದವರು ಇದರ ಗೊಡವೆಗೆ ಹೋಗದೆ, ಹಿಂದೆ ಹೇಳಿದ ಸಕ್ಕರೆಪಾಕದ ಹಣ್ಣನ್ನೇ ಬಿಸಿನೀರಿಗೆ ಹಾಕಿಕೊಳ್ಳುವುದು ಉಚಿತ.